ಎರಿ ಹೊಲದಾಗ ಮುರುಗಲು ಮರ

ಕಲಬುರಗಿ ಜಿಲ್ಲಾದ ಆಳಂದ ತಾಲೂಕಿನ ಒಂದು ಪಂಚಾಯತಿ ಅಲ್ಮಾರಿದಾಗ ಒಂದು ರಿಜಿಸ್ಟರ್ ಅದ, ಅದರ ಪ್ರಕಾರ ಆ ಊರಾಗ ಮುರುಗಲು ಮರ ಬೆಳೀತಾವ. ಮುರುಗಲು ಅಂದ್ರ ಕೋಕಂ, ಮಲೆನಾಡು ಕರಾವಳಿ ಕಡೀದು. ನಮ್ ಕಡಿ ಬೇವು, ಬನ್ನಿ, ಜಾಲಿ, ಹುಣಸಿ ಬಿಟ್ರ ಹೊಲದಾಗ ನೆರಳೇ ಇಲ್ಲ, ಎರಿ ಮಣ್ಣು, ಬ್ಯಾಸಗ್ಯಾಗ ಕಾಲು ಹೋಗೋವಷ್ಟು ಬಿರುಕು, ಇಲ್ಲಿ ಮುರುಗಲು ಎಲ್ಲಿಂದ ಬರ್ಬೇಕು? ಬರ್ದಾಂವ ನಾನೇ.

2019ರ ಕಡೀಗಿ ಒಂದು ಏಜೆನ್ಸಿದಾಗ ಕಾಂಟ್ರ್ಯಾಕ್ಟ್ ಮ್ಯಾಲ ಸೇರಿದ್ದೆ. ಕೆಲಸ ಏನಂದ್ರ ಪಿಬಿಆರ್ ಬರಿಯೋದು, ಜನತಾ ಜೀವವೈವಿಧ್ಯ ದಾಖಲಾತಿ. ಊರಾಗ ಯಾವ ಬೆಳಿ, ಯಾವ ಗಿಡ, ಯಾವ ಹಕ್ಕಿ, ಯಾವ ಔಷಧಿ ಬೇರು, ಯಾರಿಗಿ ಏನ್ ಗೊತ್ತದ, ಎಲ್ಲಾ ಆ ಊರಿನ ಮಂದೀನೇ ಕೂಡಿ ಬರೀಬೇಕು. ಮಾಧವ ಗಾಡ್ಗೀಳ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆದಾಗ ಇದ್ದಾಗ 1990ರ ದಶಕದಾಗ ಬೆಳೆಸಿದ ಕಲ್ಪನಾ ಇದು, ಆಮ್ಯಾಲ 2002ರ ಜೀವವೈವಿಧ್ಯ ಕಾಯ್ದೆ ಬಂದು ಪ್ರತಿ ಪಂಚಾಯತಿಗಿ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರ್ಬೇಕು ಅಂತಾತು. ಹದಿನೈದು ವರ್ಷ ಯಾರೂ ಭಾಳ ತಲಿ ಕೆಡಿಸ್ಕೊಳ್ಳಿಲ್ಲ. ಯಾವಾಗ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2020ರ ಜನವರಿ 31ರೊಳಗ ಮುಗಸ್ರಿ, ಇಲ್ಲಾಂದ್ರ ರಾಜ್ಯ ಸರ್ಕಾರ ತಿಂಗಳಿಗಿ 10 ಲಕ್ಷ ಕಟ್ಬೇಕು ಅಂತು, ಆವಾಗ ದೇಶದ ತುಂಬ ಓಡಾಟ ಶುರುವಾತು ನೋಡ್ರಿ. ಈಗ ದೇಶದಾಗ 2.5 ಲಕ್ಷಕ್ಕೂ ಹೆಚ್ಚು ಇಂಥ ರಿಜಿಸ್ಟರ್ ಅವ ಅಂತಾರ. ಅದ್ರಾಗ ನಂದೂ ಒಂದಿಷ್ಟು.

ನಮಗ ರಿಜಿಸ್ಟರಿಗಿ ಇಷ್ಟು ಅಂತ ಪಗಾರ, ದಿನಕ್ಕಲ್ಲ. ಹಂಗಾಗಿ ಮೊದಲ್ನೇ ಪಂಚಾಯತಿದಾಗ ನಾ ಮಾಡಿದ್ದು ಇಷ್ಟೇ, ಮುಂಜಾನಿ ಹೋಗಿ ಪಿಡಿಓ ಸಾಹೇಬ್ರ ರೂಮಿನ್ಯಾಗ ಕುಂತೆ, ಚಾ ಬಂತು, ಐದಾರು ಮಂದಿ ಗಂಡಸರು ಬಂದ್ರು. ಜೀವವೈವಿಧ್ಯ ಅಂದ್ರ ಏನು ಅಂತ ನಾ ಹೇಳ್ಲಕತ್ತೆ, ಒಬ್ಬ ಕಾಕಾ ನಡುವೇ ಕೇಳಿದ, "ಚಿಗರಿ, ಹಂದಿ ಬಗ್ಗಿ ಏನ್ರಿ? ಹೆಸರು ಬೆಳಿ ಪೂರಾ ತಿಂದಾವ, ತಗೊಂಡ್ ಹೋಗ್ರಿ ನಿಮ್ಮ ಜೀವವೈವಿಧ್ಯ." ಚಿಗರಿ ಅಂದ್ರ ಕೃಷ್ಣಮೃಗ, ಮುಟ್ಟಿದ್ರ ಕೇಸು. ಅವರ ಸಿಟ್ಟಿನ್ಯಾಗ ತಪ್ಪಿಲ್ಲ, ಆದ್ರ ಅರ್ಧ ತಾಸು ಅದೇ ಹೋತು, ಉಳಿದ ಅರ್ಧ ತಾಸಿನ್ಯಾಗ ಬೇವು, ಬನ್ನಿ, ತೊಗರಿ, ಜೋಳ, ಮುಗೀತು. ಪುಟ ತುಂಬವಲ್ವು. ಏಜೆನ್ಸಿಯವರು ಬ್ಯಾರೆ ಜಿಲ್ಲಾದ ಒಂದು ತುಂಬಿದ ಫೈಲ್ "ಮಾದರಿ" ಅಂತ ಕೊಟ್ಟಿದ್ರು, ನಾ ಕಾಪಿ ಹೊಡದು ಇಲ್ಲಿ ಇಲ್ಲದ್ದು ಅಳಿಸ್ಕೋತ ಹೋದೆ, ರಾತ್ರಿ ಹನ್ನೆರಡಾಗಿತ್ತು, ಮುರುಗಲು ಉಳ್ಕೊಂತು. ಸಮಿತಿ ಅಧ್ಯಕ್ಷರು ಸಹಿ ಮಾಡಿದ್ರು, ಯಾರೂ ಓದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಆಗಿನ ನಿಯಮದ ಪ್ರಕಾರ ಅಧ್ಯಕ್ಷರನ್ನ ಬಿಟ್ಟು ಸಮಿತಿದಾಗ ಆರು ಮಂದಿತನಕ, ಅದ್ರಾಗ ಮೂರನೇ ಒಂದು ಭಾಗ ಹೆಣ್ಮಕ್ಕಳು ಇರ್ಲೇಬೇಕು. ಹಾಳಿ ಮ್ಯಾಲ ಇಬ್ರು ಇದ್ರು. ಅವರ ಸಹಿ ಅವರ ಗಂಡಂದಿರು ಮಾಡಿದ್ರು. ನಾ ಕೇಳಿಲ್ಲ.

ತಪ್ಪು ತಿಳದದ್ದು ಎಳ್ಳ ಅಮಾಸಿ ದಿನ. 2019ರಾಗ ಅದು ಡಿಸೆಂಬರ್ 26ಕ್ಕ ಬಂದಿತ್ತು, ಅವತ್ತೇ ಸೂರ್ಯಗ್ರಹಣ, ಹಿಂಗಾಗಿ ಗ್ರಹಣ ಬಿಟ್ಟ ಮ್ಯಾಲೇ ಚರಗ ಚೆಲ್ಲಾಕ (ಹೊಲಕ್ಕ ನೈವೇದ್ಯ ಎರಚಾಕ) ಹೋಗೋದು ಅಂತ ಊರಾಗ ಒಂದೇ ಗದ್ದಲ. ನಾ ನನ್ನ ಕ್ಲಾಸ್‌ಮೇಟ್ ಹೊಲಕ್ಕ ಊಟಕ್ಕ ಹೋಗಿದ್ದೆ. ನಮ್ ಕಡಿ ಮಂದಿಗಿ ಹೇಳೋದು ಬ್ಯಾಡ, ಆದ್ರ ಬೆಂಗಳೂರು ಕಡಿಯವರಿಗಿ ಹೇಳ್ತೀನಿ, ಅವತ್ತು ಭಜ್ಜಿ ಮಾಡ್ತಾರ, ಭಜ್ಜಿ ಅಂದ್ರ ನಿಮ್ಮ ಎಣ್ಣ್ಯಾಗ ಕರಿಯೋ ಬಜ್ಜಿ ಅಲ್ಲ, ಹಸಿ ಕಡ್ಲಿ, ಹಸಿ ತೊಗರಿಕಾಳು, ಅವರಿ, ಶೇಂಗಾ, ಮೆಂತ್ಯಾ, ಪುಂಡಿ, ಉಳ್ಳಾಗಡ್ಡಿ ತಪ್ಪಲ, ಗಜ್ಜರಿ, ಬದನಿ, ಕೈಗಿ ಸಿಕ್ಕ ಎಲ್ಲಾ ಪಲ್ಲೆ ಹುಣಸಿ ಹುಳಿದಾಗ ಕುದಿಸಿ ಕಡ್ಲಿ ಹಿಟ್ಟು ಹಾಕಿ ಮಾಡೋದು, ಜೋಡಿ ಸಜ್ಜಿ ರೊಟ್ಟಿ.

ಊಟಕ್ಕ ಕುಂತಾಗ ಅವನ ಆಯಿ ಅಂದ್ಳು, "ಇದು ಭಜ್ಜಿನಾ ತಮ್ಮಾ, ಅರ್ಧ ಪೇಟಿಲಿಂದ ಬಂದದ."

ಸುಮ್ನ ಮಾತಿಗಿ ಕೇಳ್ದೆ, "ನೀ ಮದ್ವಿಯಾಗಿ ಬಂದಾಗ ಏನೇನ್ ಹಾಕ್ತಿದ್ರು ಆಯಿ?"

ಅಷ್ಟೇ. ಆಯಿ ಶುರು ಮಾಡಿದ್ಳು, ಬಾಜೂಕ ಕುಂತ ಕೂಲಿ ಹೆಣ್ಮಕ್ಕಳು ಇಬ್ರು "ಅದು ಬಿಟ್ಟಿ, ಇದು ಬಿಟ್ಟಿ" ಅಂತ ಸೇರಿಸ್ಕೋತ ಹೋದ್ರು, ನಾ ರೊಟ್ಟಿ ಬಿಟ್ಟು ಪೆನ್ ತಗೊಂಡೆ. ಯಾವ ಪಲ್ಲೆ ಒಡ್ಡಿನ ಮ್ಯಾಲ, ಯಾವುದು ತೊಗರಿ ಸಾಲಿನ ನಡುವ, ಯಾವುದು ಮಳಿ ಬಿದ್ದ ಎಂಟು ದಿನಕ್ಕ ಬಂದು ಹೋಗ್ತದ, ಯಾವುದು ಬಾಣಂತಿಗಿ ಕೊಡಬಾರ್ದು. ಪಂಚಾಯತಿದಾಗ ಒಂದು ತಾಸಿಗಿ ಒಂದು ಪುಟ ತುಂಬಿರ್ಲಿಲ್ಲ, ಇಲ್ಲಿ ಗಡಗಿ ಖಾಲಿ ಆಗೂದ್ರಾಗ ಐದು ಪುಟ. ಹತ್ತರಕಿ, ಗೋಳಿ ಪಲ್ಲೆ ಇವೆಲ್ಲ ನಾ ಸಣ್ಣಾಂವಿದ್ದಾಗ ರೊಟ್ಟಿ ಜೋಡಿ ತಿಂದವೇ, ಆದ್ರ ರಿಜಿಸ್ಟರ್ ಬರಿಯಾಗ ಒಂದೂ ನೆನಪಾಗಿರ್ಲಿಲ್ಲ, ಯಾಕಂದ್ರ ನನ್ನ ತಲ್ಯಾಗೂ ಅವು "ಕಸ"ನೇ.

ಕಸ ತೆಗಿಯೋರು ಹೆಣ್ಮಕ್ಕಳು. ಕಸ ಯಾವುದು ಪಲ್ಲೆ ಯಾವುದು ಅಂತ ಗೊತ್ತಿರೋದು ಅವರಿಗೇ. ಈಗ ಆಳು ಸಿಗಲ್ಲ ಅಂತ ಕಸದ ಎಣ್ಣಿ ಹೊಡೀತಾರ, ಕಳೆನಾಶಕ. ಕೂಲಿ ಅಕ್ಕ ಒಬ್ಬಾಕಿ ಅಂದ್ಳು, "ಎಣ್ಣಿ ಹೊಡದ್ರ ನಮಗ ಕೂಲೀನೂ ಇಲ್ಲ, ಸಂಜೀಕ ಉಡಿ ತುಂಬ ತರೋ ಪಲ್ಲೇನೂ ಇಲ್ಲ ನೋಡ್ರಿ." ಹೊಲ ಇದ್ದವರಿಗಿ ಒಂದು ಖರ್ಚು ಕಮ್ಮಿ, ಇವರಿಗಿ ಎರಡು ಹೊಡತ. ಇದನ್ನ ಯಾವ ಕಾಲಮ್ಮಿನ್ಯಾಗ ಬರೀಬೇಕೋ ನನಗಿನ್ನೂ ಗೊತ್ತಾಗಿಲ್ಲ, ಷರಾ ಅನ್ನೋ ಕಾಲಮ್ಮಿನ್ಯಾಗ ತುರುಕೀನಿ.

ಅದಾದ ಮ್ಯಾಲ ನಾ ಕೆಲಸ ಮಾಡೋ ರೀತಿ ಉಲ್ಟಾ ಮಾಡ್ದೆ. ಜೀವವೈವಿಧ್ಯ ಅನ್ನೋ ಶಬ್ದ ಬಾಯಿಂದ ತೆಗಿಯೂದೇ ಬಿಟ್ಟೆ. ಹೆಣ್ಮಕ್ಕಳ ಹತ್ರ ಭಜ್ಜಿಲಿಂದ ಶುರು, ಕುರಿ ಕಾಯೋರ ಹತ್ರ ಯಾವ ಹುಲ್ಲು ತಿಂದ್ರ ಕುರಿ ಹೊಟ್ಟಿ ಉಬ್ಬತದ ಅನ್ನೂದ್ರಿಂದ ಶುರು, ರೈತ್ರ ಹತ್ರ ತೊಗರಿ ಬೀಜದಿಂದ. ಬೀಜದ ಮಾತು ಬಂದ್ರ ಗಂಡಸರೂ ಗಂಟಗಟ್ಲೆ ಮಾತಾಡ್ತಾರ, ನಮ್ ತೊಗರಿಗಿ 2019ರಾಗೇ ಜಿಐ ಟ್ಯಾಗ್, ಅಂದ್ರ ಇದು ಈ ಸೀಮಿದೇ ಅನ್ನೋ ಸರ್ಕಾರಿ ಗುರ್ತು, ಸಿಕ್ಕದ, ಆದ್ರ ಹಳಿ ಗುಳ್ಯಾಳ ತೊಗರಿ ಯಾರ ಮನ್ಯಾಗರ ಅದನಾ ಅಂತ ಕೇಳಿದ್ರ ಒಬ್ರ ಮುಖ ಒಬ್ರು ನೋಡ್ತಾರ. 2022ರ ಹಂಗಾಮಿನ್ಯಾಗ ನೆಟಿ ರೋಗಕ್ಕ ಹೊಲಕ್ಕ ಹೊಲ ಒಣಗಿ ನಿಂತಾಗ ಎಲ್ಲಾರಿಗೂ ಈ ಬೀಜದ ಮಾತು ನೆನಪಾತು. ಹಳಿ ಬೀಜ ಇದ್ರ ರೋಗ ಬರ್ತಿರ್ಲಿಲ್ಲ ಅಂತಲ್ಲ, ಹಳೀವೂ ನೆಟಿಗಿ ಸಾಯ್ತಾವ, ಆದ್ರ ಊರಿಗೂರೇ ಒಂದೆರಡು ತಳಿ ಮ್ಯಾಲ ನಿಂತ್ರ ಕೆಟ್ಟಾಗ ಎಲ್ಲಾ ಒಂದೇ ಸಲ ಕೆಡ್ತದ.

ಆದ್ರ ಮಂದಿ ಹೇಳಿದ್ದೆಲ್ಲಾ ಹಂಗೇ ಬರದ್ರೂ ಆಗಲ್ಲ, ಅದೂ ಕಲ್ತೆ. ಒಂದು ಊರಾಗ ಹತ್ತರಕಿ, ಮುಂದಿನ ಊರಾಗ ಹಕ್ಕರಕಿ ಅಂದ್ರು, ನಾ ಎರಡು ಗಿಡ ಅಂತ ಎರಡು ಸಾಲು ಬರದೆ, ಎಣಿಕಿ ಜಾಸ್ತಿ ಆತಲ್ಲ ಅಂತ ಒಳಗೊಳಗ ಖುಷಿ. ಕಾಲೇಜಿನ ಬಾಟನಿ ಮೇಡಂ ಒಬ್ರಿಗಿ ಪೇಪರ್‌ದಾಗ ಒತ್ತಿ ಒಣಗಿಸಿದ ಗಿಡ ತೋರ್ಸಿದ್ರ ನಕ್ಕರು, "ಎರಡೂ ಒಂದೇ ರೀ, ಸೂರ್ಯಕಾಂತಿ ಕುಟುಂಬದ್ದು, ಹೆಸರಷ್ಟೇ ಬ್ಯಾರೆ." ಮತ್ತ ಜನವರಿ ಒಳಗ ಮುಗಸ್ರಿ ಅಂತಾರಲ್ಲ, ಮಳಿಗಾಲದ ಗಿಡ ಜನವರಿದಾಗ ಎಲ್ಲಿ ನೋಡ್ಬೇಕು? ಕೋರ್ಟಿಗಿ ತಾರೀಕು ಇರ್ತದ, ಹುಲ್ಲಿಗಿ ಮಳಿ ನಕ್ಷತ್ರ ಇರ್ತದ.

ಒಂದು ಕಡಿ ಮಾತ್ರ ನಾ ಸೋತೆ. ಚಿಂಚೋಳಿ ಕಡಿ, ವನ್ಯಜೀವಿ ಧಾಮದ ಅಂಚಿನ ಊರು, ಕಾಮಣಿಗಿ (ಕಾಮಾಲೆ ರೋಗಕ್ಕ) ಬೇರು ಕೊಡೋ ಮುತ್ಯಾ ಒಬ್ಬಾಂವ. ಯಾವ ಬೇರು ಅಂತ ಕೇಳ್ದೆ. "ಬುಕ್ಕಿನ್ಯಾಗ ಬರದ್ರ ನಾಳಿ ಗಾಡಿ ಹಚ್ಚಿ ಕಿತ್ಕೊಂಡ್ ಹೋಗ್ತಾರ" ಅಂದ. ನಾ ಶಾಣ್ಯಾ ಆಗಿ ಅರಿಶಿಣದ ಕತಿ ಹೇಳ್ದೆ, 1995ರಾಗ ಅಮೆರಿಕಾದಾಗ ಅರಿಶಿಣ ಗಾಯಕ್ಕ ಹಚ್ಚೂದ್ರ ಮ್ಯಾಲ ಪೇಟೆಂಟ್ ಕೊಟ್ಟಿದ್ರು, ನಮ್ಮವರು ಹಳಿ ಗ್ರಂಥದಾಗ ಬರ್ದದ್ದು ತೋರ್ಸಿ 1997ರಾಗ ರದ್ದು ಮಾಡ್ಸಿದ್ರು, ಬರ್ದಿಟ್ರೇ ಕಾವಲು ಮುತ್ಯಾ ಅಂತ. ಮುತ್ಯಾ ಬೀಡಿ ಹಚ್ಚಿ ಅಂದ, "ಅರಿಶಿಣ ಎಲ್ಲಾರೂ ಬೆಳೀತಾರ. ನನ್ನ ಗಿಡ ಈ ಗುಡ್ಡದ ಮ್ಯಾಲ ಹತ್ತು ಇದ್ದಾವೋ ಏನೋ. ಅಮೆರಿಕಾದಾಂವ ಬ್ಯಾಡ, ಬಾಜೂ ಊರಾಂವ ಬಂದ್ರ ಸಾಕು." ನನ್ನ ಹತ್ರ ಉತ್ತರ ಇರ್ಲಿಲ್ಲ, ಈಗ್ಲೂ ಇಲ್ಲ. ಆ ಕಾಲಮ್ ಖಾಲಿ ಬಿಟ್ಟು "ಹೇಳೋರ ಇಚ್ಛೆ ಮೇರೆಗೆ ದಾಖಲಿಸಿಲ್ಲ" ಅಂತ ಬರದೆ. ಆಫೀಸಿನ್ಯಾಗ ಖಾಲಿ ಯಾಕ ಅಂತ ಬೈಸ್ಕೊಂಡೆ. ಮುರುಗಲು ಬರದಾಗ ಯಾರೂ ಬೈದಿರ್ಲಿಲ್ಲ!

ಈಗ ಬ್ಯಾರೆ ಕಡಿ ಕೆಲಸ, ಆದ್ರ ಇಂಥದ್ದೇ. ಹ್ವಾದ ವರ್ಷ ಹಳಿ ರಿಜಿಸ್ಟರ್ ಪರಿಷ್ಕರಣಿಗಿ ಎಸ್ಟಿಮೇಟ್ ಮಾಡು ಅಂದ್ರು. ಗಾಡಿ ಬಾಡಿಗಿ, ಪ್ರಿಂಟಿಂಗ್, ತಜ್ಞರ ಗೌರವಧನ ಎಲ್ಲಾ ಹಾಕಿ, ಜೋಡಿ ಒಂದು ಸಾಲು ಹಾಕ್ದೆ, ಮಾಹಿತಿ ಕೊಡೋ ಹೆಣ್ಮಕ್ಕಳು, ಕುರಿ ಕಾಯೋರಿಗಿ ದಿನದ ಕೂಲಿ. ನಮ್ಮ ಜೋಡಿ ಹೊಲಾ ಅಡ್ಡಾಡಿದ್ರ ಅವರ ಅವತ್ತಿನ ಹಾಜರಿ ಹೋಗ್ತದಲ್ಲ. ಫೈಲ್ ವಾಪಸ್ ಬಂತು, ಆ ಸಾಲಿನ ಮ್ಯಾಲ ಕೆಂಪು ಪೆನ್ನಿನ ಗುಂಡು, ಬಾಜೂಕ "ಇವರು ತಜ್ಞರೇ?" ಅಂತ ಪ್ರಶ್ನೆ.

ಹೌದು ಅಂತ ಬರದು ಮತ್ತ ಕಳಿಸೀನಿ.