ಸ್ಟೀಲ್ ಚಾಕು ಮತ್ತು ಒಂದು ಮೊಳೆ

"ಕತ್ತಿ ಎಲ್ಲಿ ಮಾರಾಯಾ?"

ನಾನು ಹೀಗೆ ಕೇಳಿದಾಗ ನನ್ನ ಜೊತೆಗಾರನ ಮುಖ ನೋಡಬೇಕಿತ್ತು. ಶಿವಮೊಗ್ಗ ಬಸ್ ಸ್ಟ್ಯಾಂಡಿನಿಂದ ಆಟೋ ಹಿಡಿದು, ಪ್ರದರ್ಶನ ನಡೆಯುವ ಶಾಲೆಯ ಗೇಟು ದಾಟಿ ಆಗಿತ್ತು. ನನ್ನ ಕೈಯಲ್ಲಿ ಸುತ್ತಿದ ಚಾರ್ಟು, ಅವನ ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಮೇಷ್ಟ್ರ ಚೀಲದಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣದ ಪೊಟ್ಟಣ. ಗೋಣಿ ತುಂಡಿನಲ್ಲಿ ಸುತ್ತಿದ್ದ ತೋಟದ ಕತ್ತಿ ಮಾತ್ರ ಬಸ್ಸಿನ ಸೀಟಿನಡಿಯಲ್ಲೇ ಉಳಿದಿತ್ತು. ಸಕ್ರೆಬೈಲಿನಲ್ಲಿ ಆನೆ ಕಾಣುತ್ತದೆ ಅಂತ ಇಬ್ಬರೂ ಕಿಟಕಿಗೆ ಅಂಟಿಕೊಂಡು ಕೂತಿದ್ದೆವು. ಆಮೇಲೆ ಕತ್ತಿಯ ನೆನಪು ಯಾರಿಗೆ!

ಆಗ ನಾವು ಒಂಬತ್ತನೇ ಕ್ಲಾಸು. ತೀರ್ಥಹಳ್ಳಿ ಕಡೆಯ ಹಳ್ಳಿ ಹೈಸ್ಕೂಲು. ತಾಲ್ಲೂಕಿನಲ್ಲಿ ಗೆದ್ದು ಜಿಲ್ಲಾ ಮಟ್ಟದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಬಂದಿದ್ದೆವು. ವಿಷಯ, ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ಹೇಳಿಕೊಟ್ಟದ್ದು ಪುಸ್ತಕವಲ್ಲ, ಅವನ ಅಪ್ಪಯ್ಯ. ಅವರು ಕೊನೆಗೌಡರು, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವರು. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ, ಊರಿನ ಅರ್ಧ ತೋಟಗಳಿಗೆ ಔಷಧಿ ಹೊಡೆಯುವವರು.

ಲೆಕ್ಕ ಸುಲಭ. 1 ಕೆಜಿ ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರ್‌ನಲ್ಲಿ. ಸುಣ್ಣದ ನೀರಿಗೆ ತುತ್ತದ ನೀರನ್ನು ನಿಧಾನಕ್ಕೆ ಸುರಿಯುತ್ತಾ ಕದಡಬೇಕು. ಆಕಾಶದ ಬಣ್ಣ ಬರುತ್ತದೆ. ಕಬ್ಬಿಣದ ಬಕೆಟ್ಟು ಮಾತ್ರ ಬೇಡವೇ ಬೇಡ. ಸುಣ್ಣ ಹಳತಾಗಿದ್ದರೆ, ಕಲ್ಲು ಜಾಸ್ತಿ ಇದ್ದರೆ ತೂಕ ಸರಿ ಇದ್ದೂ ಸಾಲುವುದಿಲ್ಲ. ಆಗ ದ್ರಾವಣ ಎಳೆ ಮಿಳ್ಳೆಯನ್ನು, ಅಂದರೆ ಪುಟ್ಟ ಅಡಿಕೆಕಾಯನ್ನು, ಸುಡುತ್ತದೆ. ಅದಕ್ಕೇ ಅಪ್ಪಯ್ಯ ಸೊಂಟದ ಕೊಕ್ಕೆಯಿಂದ ಕತ್ತಿ ತೆಗೆದು ಡ್ರಮ್ಮಿಗೆ ಅದ್ದುತ್ತಿದ್ದರು. ಅಲಗು ಕೆಂಪಗಾದರೆ "ಇನ್ನೂ ಸುಣ್ಣ ಹಾಕಿ" ಅನ್ನುತ್ತಿದ್ದರು. ಕೆಂಪು ಅಂದರೆ ತಾಮ್ರ. ಸುಣ್ಣದ ಕೈಗೆ ಸಿಗದೆ ಉಳಿದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತದೆ. ನಮ್ಮ ಇಡೀ ಪ್ರಯೋಗ ಇಷ್ಟೇ.

ಚಾರ್ಟು ಮಾತ್ರ ಮೇಷ್ಟ್ರದ್ದು. ಫ್ರಾನ್ಸಿನ ಬೋರ್ಡೋದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ರಸ್ತೆ ಪಕ್ಕದ ಬಳ್ಳಿಗೆ ತುತ್ತ-ಸುಣ್ಣ ಬಳಿಯುತ್ತಿದ್ದರಂತೆ. ಆ ಬಳ್ಳಿಗಳಿಗೆ ರೋಗ ಬಾರದ್ದನ್ನು ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಅದನ್ನು ಪ್ರಕಟಿಸಿದ. ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. 1910ರಲ್ಲಿ ಕೊಳೆರೋಗದ ಬಗ್ಗೆ ಬರೆದರು. ಇದೆಲ್ಲ ಹೇಳುವುದು ನನ್ನ ಪಾಲು. ಕೊಳೆರೋಗ ತರುವ 'ಫೈಟಾಫ್ತೊರಾ' ಎಂಬ ಶಿಲೀಂಧ್ರದಂಥ ಜೀವಿಯ ಹೆಸರು ಬಸ್ಸಿನಲ್ಲಿ ಇಪ್ಪತ್ತು ಸಲ ಸರಿಯಾಗಿ ಬಂದಿತ್ತು.

ಒಳಗೆ ಹೋದರೆ ನಾಲ್ಕು ಜ್ವಾಲಾಮುಖಿ. ಸಿರಿಂಜಿನ ಜೆಸಿಬಿ ಎರಡು. ಪಕ್ಕದ ಟೇಬಲ್ಲಿನಲ್ಲಿ ತಾನೇ ಹತ್ತಿಕೊಳ್ಳುವ ಬೀದಿದೀಪ. ವೈರುಗಳ ಬೆಸುಗೆ ನೋಡಿದರೆ ಯಾರದ್ದೋ ಅಪ್ಪ ರಾತ್ರಿಯೆಲ್ಲ ಕೂತಿದ್ದು ಗೊತ್ತಾಗುತ್ತಿತ್ತು. ಹೊಟ್ಟೆಕಿಚ್ಚು, ಏನು ಮಾಡೋದು.

ಮೇಷ್ಟ್ರು ಅಡುಗೆ ಕೋಣೆಗೆ ಓಡಿ, ಸೌತೆಕಾಯಿ ಹೆಚ್ಚುತ್ತಿದ್ದ ಅಕ್ಕನ ಹತ್ತಿರ ಒಂದು ಚಾಕು ತಂದರು. ಹೊಳೆಯುವ ಸ್ಟೀಲ್ ಚಾಕು. ಮೂವರಿಗೂ ಏನೂ ಹೊಳೆಯಲಿಲ್ಲ.

ತೀರ್ಪುಗಾರರು ಇಬ್ಬರು, ಒಬ್ಬರು ಸರ್, ಒಬ್ಬರು ಮೇಡಂ. ನಾನು ಮಿಲಾರ್ಡೆ, ಕೋಲ್ಮನ್ ಎಲ್ಲ ಒದರಿದೆ. ಫೈಟಾಫ್ತೊರಾ ಹತ್ತಿರ ನಾಲಿಗೆ ತಡವರಿಸಿತು. ಇವನು ಸುಣ್ಣ ಸರಿ ಇದ್ದ ಬಾಟಲಿಗೆ ಚಾಕು ಅದ್ದಿ ತೋರಿಸಿದ. ಏನೂ ಆಗಲಿಲ್ಲ, ಆಗಬಾರದಿತ್ತು. ಆಮೇಲೆ ಚಿಟಿಕೆ ಸುಣ್ಣ ಮಾತ್ರ ಹಾಕಿದ್ದ ಬಾಟಲಿಗೆ ಅದ್ದಿದ. ಕಾದೆವು. ತೆಗೆದ. ಚಾಕು ಸೌತೆಕಾಯಿ ಹೆಚ್ಚುವಾಗ ಎಷ್ಟು ಬೆಳ್ಳಗಿತ್ತೋ ಅಷ್ಟೇ ಬೆಳ್ಳಗಿತ್ತು.

"ಏನೂ ಆಗ್ಲಿಲ್ವಲ್ಲಪ್ಪ" ಎಂದರು ಸರ್. "ಲಿಟ್ಮಸ್ ಕಾಗದದಲ್ಲಿ ನೋಡಬಹುದಿತ್ತಲ್ಲ?"

"ತೋಟದಲ್ಲಿ ಲಿಟ್ಮಸ್ ಎಲ್ಲಿ ಸಿಗುತ್ತೆ ಸರ್? ಕತ್ತಿ ಆದ್ರೆ ಸೊಂಟದಲ್ಲೇ ಇರುತ್ತೆ."

ಅವರು ನಕ್ಕು, ಏನೋ ಬರೆದುಕೊಂಡು ಬೀದಿದೀಪದ ಕಡೆ ಹೋದರು. ನನಗೆ ಅಳು ಬರುವ ಹಾಗಿತ್ತು. ಇವನು ಮಾತ್ರ ಚಾಕುವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಆಮೇಲೆ ಸೀದಾ ಗೋಡೆಯ ಹತ್ತಿರ ಹೋಗಿ, ನಮ್ಮ ಚಾರ್ಟು ನೇತುಹಾಕಿದ್ದ ಮೊಳೆಯನ್ನು ಅಲ್ಲಾಡಿಸಿ ಕಿತ್ತ. ಕೋಲ್ಮನ್ ಸಾಹೇಬರು ದೊಪ್ಪನೆ ಬಿದ್ದರು. ಮೊಳೆಯನ್ನು ಸಿಮೆಂಟ್ ನೆಲಕ್ಕೆ ಉಜ್ಜಿ ತುಕ್ಕು ತೆಗೆದು, ದಾರ ಕಟ್ಟಿ ಬಾಟಲಿಗೆ ಇಳಿಬಿಟ್ಟ.

ಸದ್ದು ಕೇಳಿ ಮೇಡಂ ತಿರುಗಿ ಬಂದರು. ಮೂರ್ನಾಲ್ಕು ನಿಮಿಷ ಆಗಿರಬೇಕು. ದಾರ ಎತ್ತಿದರೆ ಮೊಳೆ ಇಟ್ಟಿಗೆಯ ಹಾಗೆ ಕೆಂಪಗಿತ್ತು. ಬೆರಳಲ್ಲಿ ಉಜ್ಜಿದರೆ ಬಣ್ಣ ಬೆರಳಿಗೆ ಬರುತ್ತಿತ್ತು.

"ಹಾಗಾದ್ರೆ ಚಾಕು ಯಾಕೆ ಆಗ್ಲಿಲ್ಲ?"

"ಅದು ತುಕ್ಕು ಹಿಡಿಯದ ಚಾಕು ಮೇಡಂ. ತುಕ್ಕು ಹಿಡಿಯದ್ದಕ್ಕೆ ಇದೂ ಹಿಡಿಯಲ್ಲ ಅನ್ಸುತ್ತೆ."

ಸ್ಟೀಲಿನಲ್ಲಿರುವ ಕ್ರೋಮಿಯಂ ಮೇಲೊಂದು ತೆಳ್ಳನೆ ಪದರ ಕಟ್ಟಿ ಒಳಗಿನ ಕಬ್ಬಿಣವನ್ನು ಕಾಯುತ್ತದೆ ಅಂತ ಮೇಷ್ಟ್ರು ಆಮೇಲೆ, ಊಟದ ಸಾಲಿನಲ್ಲಿ ನಿಂತಾಗ ಹೇಳಿದರು. ಪಲಾವ್ ಚೆನ್ನಾಗಿತ್ತು. ಬಹುಮಾನ ಬೀದಿದೀಪಕ್ಕೆ ಹೋಯಿತು. ನಮಗೆ ಭಾಗವಹಿಸಿದ ಪ್ರಮಾಣಪತ್ರ ಸಿಕ್ಕಿತು, ಅದರಲ್ಲಿ ನಮ್ಮೂರಿನ ಹೆಸರು ತಪ್ಪಾಗಿತ್ತು.

ಕತ್ತಿಯನ್ನು ಮಾರನೇ ದಿನ ಅದೇ ಬಸ್ಸಿನ ಕಂಡಕ್ಟರು ನಮ್ಮ ಸ್ಟಾಪಿನಲ್ಲಿ ಇಳಿಸಿ ಹೋದರು. ಅದನ್ನು ಕೊಡಲು ಹೋದಾಗ ಅಪ್ಪಯ್ಯನಿಗೆ ಎಲ್ಲ ಹೇಳಿದೆವು. ಬಹುಮಾನದ ಸುದ್ದಿಯನ್ನು ಅವರು ಕೇಳಲೇ ಇಲ್ಲ.

"ಸ್ಟೀಲು ಕೆಂಪೇ ಆಗ್ಲಿಲ್ವಾ? ಸುಳ್ಳು ಹೇಳ್ಬೇಡ್ರೋ."

ಒಳಗೆ ಹೋಗಿ ಅಡುಗೆಮನೆಯ ಚಾಕು ತಂದು, ನಾವು ವಾಪಸ್ ತಂದಿದ್ದ ಬಾಟಲಿಗೆ ಅದ್ದಿ, ಜಗಲಿಯ ಮೇಲೆ ಕುಕ್ಕರಗಾಲಲ್ಲಿ ಕೂತರು. ಒಂದು ಎಲೆಯಡಿಕೆ ಕವಳ ಹಾಕಿ ಮುಗಿಸುವಷ್ಟು ಹೊತ್ತು ಕಾದರು. ತೆಗೆದು ಬೆಳಕಿಗೆ ಹಿಡಿದರು. ಲುಂಗಿಗೆ ಒರೆಸಿ ಮತ್ತೆ ಅದ್ದಿದರು. ಅಷ್ಟರಲ್ಲಿ ಒಳಗಿಂದ ಅಮ್ಮ ಕೂಗಿದರು, "ಚಾಕು ಎಲ್ಲಿ ಹೋಯ್ತು? ಹುಳಿಗೆ ಹೆಚ್ಚಬೇಕು!"