ಶೀಟಿನ ಮನೆಯಲ್ಲಿ ಹೆಡ್‌ಫೋನ್

14 ಜುಲೈ 2024, ಭಾನುವಾರ
ಚಿಕ್ಕಮಗಳೂರು

ಸಂಜೆ ಐದಕ್ಕೆ ಹೋದ ಕರೆಂಟು ಇನ್ನೂ ಬಂದಿಲ್ಲ. ಪುನರ್ವಸು ಮಳೆ ಮೂರು ದಿನದಿಂದ ಬಿಟ್ಟೂ ಬಿಡದೆ ಹೊಡೀತಿದೆ. ಮಹಡಿ ಮೇಲಿನ ನನ್ನ ರೂಮಿಗೆ ಇರುವುದು ಶೀಟು, ಅದರ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರು ಮಾತಾಡಿದ್ದೂ ಕೇಳಿಸುವುದಿಲ್ಲ. ಇಂಥ ರೂಮಿನಲ್ಲಿ ಕೂತು ಹಾಡು ಕೇಳಬೇಕು ಅಂತ ಎರಡು ತಿಂಗಳು ತಲೆ ಕೆಡಿಸಿಕೊಂಡೆ. ಮೊನ್ನೆ ಶುಕ್ರವಾರ ಹೆಡ್‌ಫೋನಿನ ಡಬ್ಬ ಬಂತು. ಮರೆಯುವ ಮೊದಲು ಬರೆದಿಡೋಣ ಅಂತ ಕೂತೆ, ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇರುವಷ್ಟು ಹೊತ್ತು.

ಅಮ್ಮ ರಾತ್ರಿ ಎಂಟೂವರೆಗೆ ಮಲಗುತ್ತಾರೆ. ನನಗೆ ಪುರುಸೊತ್ತು ಸಿಗುವುದೇ ಒಂಬತ್ತಕ್ಕೆ. ಹಾಗಾಗಿ ಸ್ಪೀಕರ್ ಅನ್ನೋ ಮಾತೇ ಇಲ್ಲ. ಹಳೇ ಹೋಮ್ ಥಿಯೇಟರ್ ಮಾರಿದ ದುಡ್ಡಿಗೆ ಕೈಯಿಂದ ಒಂದಿಷ್ಟು ಸೇರಿಸಿ 15,000 ಇಟ್ಟುಕೊಂಡೆ. ಅಷ್ಟರಲ್ಲಿ ಎಲ್ಲಾ ಆಗಬೇಕು: ಹೆಡ್‌ಫೋನು, ಡ್ಯಾಕ್, ಆಂಪ್ಲಿಫೈಯರ್, ಜೊತೆಗೆ ಹಾಡು ಹಾಕುವ ವ್ಯವಸ್ಥೆ.

ಮೊದಲು ಮಾಡಿದ ದಡ್ಡತನ ಅಂದರೆ ದುಡ್ಡನ್ನು ಮೂರು ಪಾಲು ಮಾಡಿದ್ದು. ಐದು, ಐದು, ಐದು. ನೋಡಲು ನ್ಯಾಯವಾಗಿದೆ, ಅಣ್ತಮ್ಮಂದಿರ ತೋಟದ ಪಾಲಿನ ಹಾಗೆ. ಆದರೆ ಡ್ಯಾಕ್ ಮಾಡುವ ಕೆಲಸ ಇಷ್ಟೇ, ಫೈಲಿನಲ್ಲಿ ಅಂಕಿಯಾಗಿ ಕೂತಿರುವ ಹಾಡನ್ನು ಕರೆಂಟಿನ ಅಲೆಯಾಗಿ ಮಾಡುವುದು. ಫೋನಿಗೆ ಚುಚ್ಚಿ ಹೆಡ್‌ಫೋನ್ ಸಿಕ್ಕಿಸುವ ಹೆಬ್ಬೆರಳಷ್ಟು ಉದ್ದದ ಡಾಂಗಲ್ ಇರುತ್ತಲ್ಲ, ಅದರೊಳಗೂ ಒಂದು ಡ್ಯಾಕ್ ಇದೆ, ಒಂದು ಪುಟ್ಟ ಆಂಪ್ ಕೂಡ ಇದೆ. ಒಳ್ಳೇ ಡಾಂಗಲ್ಲಿಗೂ ಹತ್ತು ಪಟ್ಟು ಬೆಲೆಯ ಡ್ಯಾಕಿಗೂ ಇರುವ ವ್ಯತ್ಯಾಸ ನನ್ನ ನಲವತ್ತಾರು ವರ್ಷದ ಕಿವಿಗಂತೂ ಗೊತ್ತಾಗುವುದಿಲ್ಲ. ಹೆಡ್‌ಫೋನ್ ಹಾಗಲ್ಲ. ಒಂದನ್ನು ತೆಗೆದು ಇನ್ನೊಂದು ಹಾಕಿದರೆ ಮೃದಂಗವೇ ಬೇರೆಯಾಗಿ ಕೇಳಿಸುತ್ತದೆ. ದುಡ್ಡಿನ ದೊಡ್ಡ ಪಾಲು ಅಲ್ಲಿಗೇ ಹೋಗಬೇಕು.

ಏಪ್ರಿಲ್‌ನಲ್ಲಿ ಬೆಂಗಳೂರಿಂದ ಬಂದ ಭಾವ ತಮ್ಮ ಹೆಡ್‌ಫೋನ್ ತಂದಿದ್ದರು. ಓಪನ್ ಬ್ಯಾಕ್, ಅಂದರೆ ಹಿಂದೆ ಮುಚ್ಚಳ ಇಲ್ಲ, ಬರೀ ಜಾಲರಿ. 250 ಓಮ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆಯ ಅಳತೆ. ನನ್ನ ಫೋನಿಗೆ ಡಾಂಗಲ್ ಹಾಕಿ ಕೇಳಿದರೆ ಆಚೆ ಮನೆ ರೇಡಿಯೋ ಹಾಗೆ ಕೇಳಿಸಿತು, ವಾಲ್ಯೂಮ್ ಪೂರ್ತಿ ಏರಿಸಿದರೂ ಅಷ್ಟೇ. "ನೋಡಿದ್ಯಾ, ಇದಕ್ಕೆ ಆಂಪ್ ಬೇಕೇ ಬೇಕು" ಅಂದರು ಭಾವ. ನಾನೂ ನಂಬಿದೆ. ಓಮ್ ಜಾಸ್ತಿ ಇದ್ದರೆ ವೋಲ್ಟೇಜೂ ಜಾಸ್ತಿ ಬೇಕು ಅನ್ನುವುದು ಸರಿಯೇ. ಆದರೆ ರಾತ್ರಿ ಸುಮ್ನೆ ಅದೇ ಡಾಂಗಲ್ಲನ್ನು ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದರೆ ಗಟ್ಟಿಯಾಗಿಯೇ ಬಂತು! ಆ ಡಾಂಗಲ್ ಬೇರೆ ಕಂಪನಿಯ ಫೋನಿಗೆಂದು ಮಾಡಿದ್ದು, ನನ್ನ ಫೋನಿನಲ್ಲಿ ಅದರ ಒಳಗಿನ ವಾಲ್ಯೂಮ್ ಅರ್ಧಕ್ಕೇ ನಿಂತುಬಿಡುತ್ತಿತ್ತು. ಒಂದು ಸಂಜೆ ಪೂರ್ತಿ ಪಾಪದ ಹೆಡ್‌ಫೋನನ್ನು ಬೈದಿದ್ದೆವು. ಡಾಂಗಲ್ ಕೊಳ್ಳುವವರು ಮೊದಲು ಇದನ್ನು ನೋಡಿಕೊಳ್ಳಿ.

ಅದೇನೇ ಇರಲಿ, ಅವತ್ತು ಆ ಓಪನ್ ಬ್ಯಾಕಿನಲ್ಲಿ ಮಲ್ಲಿಕಾರ್ಜುನ ಮನ್ಸೂರರ ಹಳೇ ಕಛೇರಿಯೊಂದನ್ನು ಕೇಳಿದೆ ನೋಡಿ, ತಂಬೂರಿ ತಲೆಯೊಳಗಲ್ಲ, ರೂಮಿನ ಮೂಲೆಯಲ್ಲಿ ಎಲ್ಲೋ ಮೀಟಿದ ಹಾಗಿತ್ತು. ಸೋತುಹೋದೆ. ಓಪನ್ ಬ್ಯಾಕೇ ಸೈ ಅಂದುಕೊಂಡೆ. ಸೆನ್‌ಹೈಸರ್ ಎಚ್‌ಡಿ 600 ಅಂತ ಒಂದಿದೆ, 1997ರಲ್ಲಿ ಬಂದದ್ದು, 300 ಓಮ್, ಈಗಲೂ ಜನ ಅದರ ಮೇಲೆ ಆಣೆ ಇಟ್ಟು ಮಾತಾಡುತ್ತಾರೆ. ನನ್ನ ಬಜೆಟ್ಟಿಗೆ ಅದು ದೂರದ ಬೆಟ್ಟ. ಅದಕ್ಕಿಂತ ಕಡಿಮೆಯ ಎರಡು ಮೂರನ್ನು ಗುರುತು ಹಾಕಿಟ್ಟೆ.

ಜೂನ್‌ನಲ್ಲಿ ಮಳೆ ಹಿಡೀತು. ಭಾವ ಹೆಡ್‌ಫೋನನ್ನು ಇಲ್ಲೇ ಬಿಟ್ಟು ಹೋಗಿದ್ದರು, ಪುಣ್ಯಕ್ಕೆ. ಹಾಕಿಕೊಂಡು ಕೂತರೆ ತಂಬೂರಿಯೂ ಇಲ್ಲ, ಮನ್ಸೂರರೂ ಇಲ್ಲ, ಬರೀ ಶೀಟು! ಜಾಲರಿಯಿಂದ ಒಳಗಿನ ಸದ್ದು ಹೊರಗೆ ಹೋಗುತ್ತದೆ ಅಂದರೆ ಹೊರಗಿನದೂ ಹಾಗೇ ಒಳಗೆ ಬರುತ್ತದೆ, ಇಷ್ಟು ಸಣ್ಣ ವಿಷಯ ಏಪ್ರಿಲ್‌ನಲ್ಲಿ ಹೊಳೆಯಲಿಲ್ಲ. ಮಳೆ ಮೀರಿಸೋಣ ಅಂತ ವಾಲ್ಯೂಮ್ ಏರಿಸುತ್ತಾ ಹೋದೆ, ಅರ್ಧ ಗಂಟೆ ಬಿಟ್ಟು ತೆಗೆದಾಗ ಕಿವಿ ಗುಂಯ್ ಅಂತಿತ್ತು. 80 ಡೆಸಿಬಲ್ ಸದ್ದಿನಲ್ಲಿ ವಾರಕ್ಕೆ 40 ಗಂಟೆ ದಾಟಬೇಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾನು ಆ 80ನ್ನು ಯಾವಾಗಲೋ ದಾಟಿದ್ದೆ ಅನ್ನಿಸುತ್ತದೆ.

ಆಮೇಲೆ ಎಲ್ಲವನ್ನೂ ಮಳೆಯೇ ತೀರ್ಮಾನ ಮಾಡಿತು.

ಹೆಡ್‌ಫೋನ್ ಮುಚ್ಚಿದ್ದೇ ಆಗಬೇಕು, ಕ್ಲೋಸ್ಡ್ ಬ್ಯಾಕ್. ಆಂಪ್ಲಿಫೈಯರ್ ಬೇಡ, ಯಾಕೆಂದರೆ ನಾನು ನೋಡಿದ ಡಬ್ಬದಂಥ ಆಂಪ್‌ಗೆಲ್ಲ ಗೋಡೆಯ ಕರೆಂಟು ಬೇಕು, ಇಲ್ಲಿ ಮಳೆಗಾಲದಲ್ಲಿ ಗೋಡೆಯಲ್ಲಿ ಕರೆಂಟು ಇದ್ದರೆ ಅದೇ ಸುದ್ದಿ. ಡಾಂಗಲ್ ಆದರೆ ಫೋನಿನ ಬ್ಯಾಟರಿಯಲ್ಲೇ ಓಡುತ್ತದೆ. ಆಂಪ್ ಬೇಡ ಅಂದಮೇಲೆ ಓಮ್ ಕಡಿಮೆ ಇರಬೇಕು. ನೆಟ್ಟೂ ನಂಬುವ ಹಾಗಿಲ್ಲ, ಕರೆಂಟಿನ ಹಿಂದೆಯೇ ಟವರೂ ಹೋಗುತ್ತದೆ, ಆದ್ದರಿಂದ ಹಾಡುಗಳು ಫೋನಿನಲ್ಲೇ ಇರಬೇಕು.

ಬ್ಲೂಟೂತ್ ತಗೊಳ್ಳಿ, ಹೊರಗಿನ ಸದ್ದನ್ನೂ ಅದೇ ಕಳೆಯುತ್ತದೆ ಅಂದಳು ನನ್ನ ಹೆಂಡತಿ. ಅದನ್ನೂ ಯೋಚಿಸಿದೆ. ಸದ್ದು ಕಳೆಯುವ ಆ ತಂತ್ರ ಬಸ್ಸಿನ ಎಂಜಿನ್, ಫ್ಯಾನಿನಂಥ ಒಂದೇ ಸಮನೆ ಗುಡುಗುಡು ಅನ್ನುವ ಸದ್ದಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಶೀಟಿನ ಮೇಲೆ ಚಟಪಟ ಅನ್ನುವ ಚೂಪು ಸದ್ದನ್ನು ತಡೆಯುವುದು ದಪ್ಪ ಪ್ಯಾಡೇ. ಜೊತೆಗೆ ನಾಲ್ಕು ವರ್ಷಕ್ಕೆ ಬ್ಯಾಟರಿ ಸೊರಗುತ್ತದೆ, ಆಮೇಲೆ ಇಡೀ ವಸ್ತುವೇ ಕಸ. ವೈರ್ ಹಾಳಾದರೆ ವೈರ್ ಬದಲಿಸಿದರಾಯ್ತು, ಅಲ್ವಾ?

ಐಜಿ ರಸ್ತೆಯ ಒಂದು ಅಂಗಡಿಯಲ್ಲಿ ಹಾಕಿ ನೋಡ್ತೀನಿ ಅಂದೆ. "ಸೀಲ್ ತೆಗೆಯಲ್ಲ ಸಾರ್, ತಗೊಂಡ್ಮೇಲೆ ಕೇಳ್ಕೊಳಿ" ಅಂದ ಹುಡುಗ. ಚಪ್ಪಲಿ ತಗೊಳ್ಳುವಾಗಲಾದರೂ ಕಾಲು ಹಾಕಿ ನೋಡಲು ಬಿಡುತ್ತಾರೆ. ಕೊನೆಗೆ ಆನ್‌ಲೈನಲ್ಲೇ ತರಿಸಿದೆ: ಆಡಿಯೋ-ಟೆಕ್ನಿಕಾ ಎಟಿಎಚ್-ಎಂ40ಎಕ್ಸ್. ಮುಚ್ಚಿದ್ದು, 35 ಓಮ್, ಕಿತ್ತು ಹಾಕಬಹುದಾದ ಎರಡು ವೈರ್ ಜೊತೆಯಲ್ಲೇ ಕೊಡುತ್ತಾರೆ, ಒಂದು ಸುರುಳಿ, ಇನ್ನೊಂದು ಮೂರು ಮೀಟರಿನ ನೇರ ವೈರ್. ನನಗೆ ಬಿದ್ದದ್ದು ಒಂಬತ್ತು ಸಾವಿರದ ಚಿಲ್ಲರೆ. ನನ್ನ ಫೋನಿಗೆ ಹೊಂದುವ ಹೊಸ ಡಾಂಗಲ್ಲಿಗೆ ಸಾವಿರದ ಎಂಟುನೂರು. ಅಪ್ಪನ ಸೀಡಿಗಳನ್ನು ಫ್ಲಾಕ್ ಅನ್ನುವ ಬಗೆಯ ಫೈಲು ಮಾಡಲು ಒಂದು ಯುಎಸ್‌ಬಿ ಸೀಡಿ ಡ್ರೈವ್, ಹೆಚ್ಚುಕಡಿಮೆ ಅಷ್ಟೇ. ಹಾಡಿನ ಸೀಡಿ ಒಂದು ತುಂಬಿದ್ದರೆ ಸುಮಾರು 800 ಎಂಬಿ, ಫ್ಲಾಕ್ ಮಾಡಿದರೆ ಒಂದು ಚೂರೂ ಕಳೆಯದೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೆಮೊರಿ ಕಾರ್ಡ್ ಮನೆಯಲ್ಲೇ ಇತ್ತು. ಎರಡು ಸಾವಿರ ಉಳಿಯಿತು.

ಹೇಗಿದೆ? ತಂಬೂರಿ ಮೂಲೆಯಿಂದ ವಾಪಸ್ ತಲೆಯೊಳಗೆ ಬಂದಿದೆ, ಸುಳ್ಳು ಯಾಕೆ ಹೇಳಲಿ. ಆ ಬಯಲು ಇಲ್ಲ. ತಲೆಯ ಮೇಲೆ ಸ್ವಲ್ಪ ಬಿಗಿ ಕೂಡ, ರಾತ್ರಿ ಎರಡು ದಪ್ಪ ಪುಸ್ತಕಕ್ಕೆ ಸಿಕ್ಕಿಸಿ ಹಿಗ್ಗಿಸಿ ಇಡುತ್ತೇನೆ. ಆದರೆ ಮಳೆ ಪಕ್ಕದ ಊರಿಗೆ ಹೋದ ಹಾಗಿದೆ, ಏಪ್ರಿಲ್‌ನಲ್ಲಿ ಕೇಳುತ್ತಿದ್ದ ವಾಲ್ಯೂಮಿನಲ್ಲೇ ಮನ್ಸೂರರು ಉಸಿರು ತಗೊಳ್ಳುವುದೂ ಕೇಳುತ್ತದೆ. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿದ್ದಾಗ ಮಾತ್ರ ಸಣ್ಣಗೆ ಜುಂಯ್ ಅನ್ನುತ್ತೆ. ಚಾರ್ಜರ್ ಕಿತ್ತರೆ ನಿಲ್ಲುತ್ತದೆ. ಮನೆಯ ಅರ್ತಿಂಗ್ ಸರಿ ಇಲ್ಲ ಅನ್ನಿಸುತ್ತೆ, ಮಳೆ ನಿಂತ ಮೇಲೆ ತೋರಿಸಬೇಕು.

ಈಗ ಇರುವ ಚಿಂತೆ ಬೂಷ್ಟು. ಈ ತಿಂಗಳು ಬೆಲ್ಟು, ಚಪ್ಪಲಿ, ಮದುವೆ ಆಲ್ಬಮ್ಮು ಯಾವುದನ್ನೂ ಅದು ಬಿಡುವುದಿಲ್ಲ, ಈ ಪ್ಯಾಡನ್ನು ಬಿಡುತ್ತಾ? ಸದ್ಯಕ್ಕೆ ಚಕ್ಕುಲಿ ಇಡುವ ಸ್ಟೀಲ್ ಡಬ್ಬಿಯಲ್ಲಿ, ಹೊಸ ಶೂ ಜೊತೆ ಬಂದಿದ್ದ ತೇವ ಹೀರುವ ಸಿಲಿಕಾ ಪೊಟ್ಟಣಗಳನ್ನು ಹಾಕಿ ಇಟ್ಟಿದ್ದೇನೆ. ಅಮ್ಮ ಮಧ್ಯಾಹ್ನ ಮುಚ್ಚಳ ತೆಗೆದು ನೋಡಿದರು.

"ಇದಕ್ಕೆ ಹದಿನೈದು ಸಾವಿರ ಕೊಟ್ಯೇನೋ?"

"ಹದಿಮೂರಮ್ಮ."

"ಮಳೆ ಸದ್ದು ಬೇಡ ಅಂದ್ರೆ ಕಿವಿಗೆ ಹತ್ತಿ ಇಟ್ಕೊಂಡಿದ್ರೆ ಆಗ್ತಿತ್ತು. ಡಬ್ಬಿ ಖಾಲಿ ಮಾಡ್ಕೊಡು, ಹಬ್ಬಕ್ಕೆ ಬೇಕು."

ಉಳಿದ ಎರಡು ಸಾವಿರದಲ್ಲಿ ಒಂದು ಡಬ್ಬಿ ತರಬೇಕು. ಚಾರ್ಜ್ 11 ಪರ್ಸೆಂಟಿಗೆ ಬಂತು, ಟವರ್ ಬಂದಾಗ ಇದನ್ನು ಹಾಕುತ್ತೇನೆ.