ಮಗಳು ತಿಮಿಂಗಿಲ ಕೇಳಿದಳು

ಮಗಳಿಗೆ ಒಂಬತ್ತು ವರ್ಷ. ಸಂಕ್ರಾಂತಿಯಿಂದ ಒಂದೇ ಹಟ, ತಿಮಿಂಗಿಲ ನೋಡಬೇಕು. ಶ್ರೀಲಂಕಾದ ಮಿರಿಸ್ಸಾದಲ್ಲಿ ದೋಣಿ ಹತ್ತಿ ನೀಲಿ ತಿಮಿಂಗಿಲ ಕಂಡವರ ವಿಡಿಯೋವನ್ನು ನನ್ನ ಫೋನಿನಲ್ಲಿ ಅದೆಷ್ಟು ಸಲ ನೋಡಿದ್ದಾಳೋ. ಬುಸ್ಸೆಂದು ಹಬೆ ಏಳುತ್ತದೆ, ಬೆನ್ನು ಕಾಣುತ್ತದೆ, ಬಾಲ ಎತ್ತಿ ಮುಳುಗುತ್ತದೆ. ಆಮೇಲೆ ಹತ್ತು ನಿಮಿಷ ಎಲ್ಲರೂ ಬರೀ ನೀರು ನೋಡುತ್ತ ಕೂಡುತ್ತಾರೆ. ಅವಳಿಗೆ ಹಿಡಿಸಿದ್ದೇ ಆ ಕಾಯುವುದು.

ಗಂಗಾವತಿಯಿಂದ ಸಮುದ್ರ ದೂರ, ಶ್ರೀಲಂಕಾ ಇನ್ನೂ ದೂರ. "ಕಾಯಾಕ ಬರತೈತೇನು? ಹಂಗಾದ್ರ ಬಾ, ನಮ್ಮ ಹೊಳ್ಯಾಗ ಕಾಯೋಣು" ಅಂದೆ.

ಮಾರ್ಚ್ ಮೊದಲ ಭಾನುವಾರ ಬೆಳಗಿನ ಆರಕ್ಕೆ ಆನೆಗೊಂದಿಯ ತುಂಗಭದ್ರಾ ಹೊಳೆದಂಡೆಯಲ್ಲಿದ್ದೆವು. ತೆಪ್ಪ ಹಾಕುವ ಕಾಕಾ ನನಗೆ ಹಳೆಯ ಪರಿಚಯ. ಬಿದಿರಿನ ಹೆಣಿಗೆ, ಹೊರಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಐನೂರು ವರ್ಷದ ಹಿಂದೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿಯೇ ಜನ ಬುಟ್ಟಿಯಂಥ ದುಂಡು ದೋಣಿಯಲ್ಲಿ ಹೊಳೆ ದಾಟುವುದನ್ನು ಕಂಡು ಬರೆದಿದ್ದಾನೆ. ಆಗ ಹೊರಗೆ ತೊಗಲು ಇರುತ್ತಿತ್ತು. ಆ ದೋಣಿಗಳು ಸುತ್ತುತ್ತಲೇ ಸಾಗುತ್ತಿದ್ದವಂತೆ. ನಮ್ಮ ಕಾಕಾ ಮಾತ್ರ ಸುತ್ತಲು ಬಿಡುವುದಿಲ್ಲ. ಹುಟ್ಟು ಮುಂದೆ ಹಿಡಿದು ನೀರನ್ನು ತಮ್ಮ ಕಡೆ ಎಳೆದುಕೊಳ್ಳುತ್ತ, ಸದ್ದೇ ಇಲ್ಲದೆ ಬಂಡೆಯಿಂದ ಬಂಡೆಗೆ ಸಾಗಿಸುತ್ತಾರೆ.

ಮೊದಲು ಕಂಡದ್ದು ರೀವ ಹಕ್ಕಿ. ಹೊಳೆಯ ನಡುವಿನ ಮರಳ ದಿಬ್ಬದ ಮೇಲೆ ಏಳೆಂಟು. ಕಡಲಿನ ಮೇಲೆ ಹಾರುವ ಹಕ್ಕಿಗಳ ಬಳಗದ್ದೇ ಇದು, ಆದರೆ ಬದುಕು ಹೊಳೆಯಲ್ಲಿ. ತಲೆಗೆ ಕರಿ ಟೊಪ್ಪಿಗೆ, ಅರಿಶಿನದಂಥ ಕೊಕ್ಕು, ಕೆಂಪು ಕಾಲು, ಕವಲೊಡೆದ ಉದ್ದ ಬಾಲ. ಒಂದು ಹಕ್ಕಿ ನೀರಿಗಿಳಿದು ಹೊಟ್ಟೆಯಷ್ಟೇ ಅದ್ದಿಕೊಂಡು ಹಾರಿ, ಮರಳಿನ ಒಂದು ಕುಳಿಯ ಮೇಲೆ ಹೋಗಿ ಕುಂತಿತು. "ಯಾಕವ್ವಾ?" ಅಂದಳು ಮಗಳು. ಮೊಟ್ಟೆ ಬಿಸಿಲಿಗೆ ಬೇಯದಿರಲಿ ಅಂತ ತಾಯಿ ಒದ್ದೆ ಗರಿ ಒತ್ತಿ ತಂಪು ಮಾಡುತ್ತದೆ. ಗೂಡು ಅಂದರೆ ಹುಲ್ಲಿಲ್ಲ, ಕಡ್ಡಿಯಿಲ್ಲ, ಬರೀ ಮರಳು.

"ಮೂರು ಅದಾವ. ಹತ್ರ ಹೋಗೂದು ಬ್ಯಾಡ್ರಿ ಅಕ್ಕಾರ. ನಾವು ಎಬ್ಬಿಸಿದ್ರ ಕಾಗಿ ಕಾಯ್ತಿರತೈತಿ" ಅಂದರು ಕಾಕಾ. ತೆಪ್ಪವನ್ನು ದೂರದಿಂದಲೇ ಬಳಸಿ ಒಯ್ದರು.

ಮುಂದೆ ಒಂದು ಮಡು. ಬಂಡೆಯ ನೆರಳಿಗೆ ತೆಪ್ಪ ಒತ್ತಿ ನಿಲ್ಲಿಸಿದರು. ಪಕ್ಕದ ಬಂಡೆಯ ಮೇಲೆ ಕರಿ ಹಿಕ್ಕೆ, ಅದರ ತುಂಬ ಮೀನಿನ ಪೊರೆ ಮಿಣಮಿಣ, ಮೂಗಿಗೆ ಹತ್ತುವ ಹಸಿ ವಾಸನೆ. ಇಪ್ಪತ್ತು ನಿಮಿಷ ಏನೂ ಇಲ್ಲ. ಮಗಳು ಕೆಮ್ಮಲಿಲ್ಲ ಕೂಡ.

ಆಮೇಲೆ ಗುಳ್ಳೆಗಳ ಒಂದು ಸಾಲು. ಚಪ್ಪಟೆ ತಲೆಯೊಂದು ಮೇಲೆದ್ದು "ಫೂ" ಎಂದು ಉಸಿರು ಬಿಟ್ಟಿತು. ಇನ್ನೊಂದು, ಮತ್ತೆ ಮೂರು. ನೀರುನಾಯಿ! ದೊಡ್ಡದೊಂದು ಬಂಡೆ ಹತ್ತಿ, ಎರಡೂ ಮುಂಗೈಯಲ್ಲಿ ಮೀನು ಹಿಡಿದು ತಲೆಯಿಂದ ಶುರುಮಾಡಿ ಕರಕರ ಕಡಿಯಿತು. ಆ ಸದ್ದು ನಮಗೆ ಕೇಳಿಸಿತು. ಒದ್ದೆ ಮೈ ಎಣ್ಣೆ ಹಚ್ಚಿದಂತೆ ನುಣ್ಣಗೆ. ಮರಿಗಳು ಕೀಚುಗುಟ್ಟುತ್ತ ಪಾಲಿಗೆ ಬಂದವು. ಮಗಳು ನನ್ನ ಮುಂಗೈ ಹಿಡಿದ ಬಿಗಿಗೆ ಬಳೆ ಚುಚ್ಚಿತು.

ಡ್ಯಾಮಿನಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ಇದು ನಮ್ಮ ಜಿಲ್ಲೆಗೆ ಸಿಕ್ಕ ದೊಡ್ಡ ಗೌರವ ಅಂತ ನಾನು ನಂಬಿದ್ದೇನೆ. ಆದರೂ ಸಿಡಿಮದ್ದು ಹಾಕಿ ಮೀನು ಹಿಡಿಯುವವರನ್ನು ಕಾಕಾ ಕಣ್ಣಾರೆ ಕಂಡಿದ್ದಾರೆ. ಒಂದು ಸದ್ದಿಗೆ ಮಡುವಿನ ಮರಿಮೀನೂ ಉಳಿಯುವುದಿಲ್ಲ, ನೀರುನಾಯಿ ಏನು ತಿನ್ನಬೇಕು? ಅವತ್ತೂ ಎಂಟು ಗಂಟೆಗೆ ಆಚೆ ದಡದಿಂದ ಸ್ಪೀಕರ್ ಹಚ್ಚಿಕೊಂಡು ಪ್ರವಾಸಿಗರ ತೆಪ್ಪ ಬಂತು. ಐದೂ ತಲೆ ಒಟ್ಟಿಗೇ ಮುಳುಗಿದವು. ನನಗೆ ಸಿಟ್ಟು ಬಂತು, ಇನ್ನೂ ಇದೆ.

ವಾಪಸ್ ಬರುವಾಗ ಮಗಳು ಮರಳ ದಿಬ್ಬ ಕಾಣದಾಗುವವರೆಗೂ ಹಿಂದಕ್ಕೇ ನೋಡುತ್ತಿದ್ದಳು.

"ಅಜ್ಜಾ, ಡ್ಯಾಮಿನಿಂದ ನೀರು ಬಿಟ್ರ?"

ಕಾಕಾ ಹುಟ್ಟು ನಿಲ್ಲಿಸಿದರು. "ಬಿಟ್ರ ದಿಬ್ಬ ಮುಳುಗತೈತವ್ವ."

ಮನೆಗೆ ಬಂದವಳೇ ಕ್ಯಾಲೆಂಡರಿನಲ್ಲಿ ಮುಂದಿನ ಮೂರೂ ಭಾನುವಾರಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿದ್ದಾಳೆ.